ಮಶೀನಿಗೆ ಗೊತ್ತಿಲ್ಲದ ಅಮಾವಾಸ್ಯೆ

ಬನಹಟ್ಟಿ
ಮಂಗಳವಾರ, ೧೮ ನವೆಂಬರ್ ೨೦೨೫

ನನ್ನ ಬಂಗಾರ ಕಾಂಚನಾ,

ತೋಳು ಹೇಗಿದೆ? ಅದನ್ನು ಮೊದಲು ಹೇಳು. ಪ್ಲಾಸ್ಟರ್ ತೆಗೆದರೆಂದು ಊರಿಗೆ ಬಂದಿರುವ ನಿನ್ನ ಗೆಳತಿ ಮನೀಷಾ ಹೇಳಿದಳು. ಬೆರಳು ಮಡಚಲು ಬರುತ್ತವೆಯೇ? ಜಡೆ ನೀನೇ ಹಾಕಿಕೊಳ್ಳುತ್ತೀಯೋ, ಇಲ್ಲ ಹಾಸ್ಟೆಲಿನ ಹುಡುಗಿಯರ ಕೈಗೆ ತಲೆ ಕೊಟ್ಟು ಕೂರುತ್ತೀಯೋ? ಪುಣೆಯಲ್ಲಿ ಥಂಡಿ ಜಾಸ್ತಿಯಂತೆ, ಮುರಿದ ಎಲುಬಿಗೆ ಥಂಡಿ ಆಗದು, ಎಳ್ಳೆಣ್ಣೆ ಬೆಚ್ಚಗೆ ಮಾಡಿ ಹಚ್ಚಿಕೋ. ನಾನು ಆರಾಮ ಇದ್ದೇನೆ. ಎಡಗಣ್ಣಿನ ಬಾವು ಇಳಿಯುತ್ತಿದೆ, ಅದು ಯಾಕೆ ಬಂತೆಂದು ಮುಂದೆ ಬರೆಯುತ್ತೇನೆ. ಫೋನ್ ಹತ್ತುತ್ತಿಲ್ಲ ಎಂದು ಗಾಬರಿಯಾಗಿರುತ್ತೀ. ನಿಮ್ಮಪ್ಪ ಅದನ್ನು ಒರಳಿನಲ್ಲಿ ಹಾಕಿ ಗುಂಡುಕಲ್ಲಿನಿಂದ ಜಜ್ಜಿದ. ನೋಡು, ‘ಜಜ್ಜಿದ’ ಎಂದೇ ಬರೆದೆ. ಇಷ್ಟು ವರ್ಷ ‘ಜಜ್ಜಿದರು’ ಅನ್ನುತ್ತಿದ್ದೆ, ಆ ಮರ್ಯಾದೆ ಮುಗಿಯಿತು. ಪೆನ್ನು ಹಿಡಿದರೆ ನನಗೆ ಪುಸ್ತಕದ ಕನ್ನಡವೇ ಬರುತ್ತದೆ. ಏಳನೇ ಇಯತ್ತೆಯ ಮಾಸ್ತರರು ಬೆರಳಿನ ಗೆಣ್ಣಿಗೆ ಪಟ್ಟಿಯಿಂದ ಹೊಡೆದು ಕಲಿಸಿದ್ದು, ನಗಬೇಡ.

ಈ ಪತ್ರ ಬರೆ ಎಂದವನು ನಿಮ್ಮ ದೊಡ್ಡಪ್ಪ ಶಿದ್ರಾಮಪ್ಪ. ಭಾನುವಾರ ಬಂದು ನಡುಮನೆಯಲ್ಲಿ ಕೂತ, ಎರಡು ಸಲ ಚಹಾ ಕುಡಿದ, ಆಮೇಲೆ ಬಾಯಿ ಬಿಟ್ಟ. ‘ಮಗಳಿಗಿ ಬರಿ. ಅಪ್ಪನ ಮ್ಯಾಲಿನ ಕೇಸ್ ಹಿಂದಕ್ಕ ತಗೋ ಅಂತ ಹೇಳು. ಇಲ್ಲಂದ್ರ ನಾವೂ ಕೇಸ್ ಹಾಕ್ತೇವಿ. ಅಪ್ಪನ ತಲಿ ಒಡದಾಳ ಅಂತ ಬರಸ್ತೇವಿ. ತಲ್ಯಾಗ ಹೊಲಿಗಿ ಅದಾವು, ದವಾಖಾನಿ ಚೀಟಿ ಐತಿ. ಆಮ್ಯಾಲ ಪುಣೆದಾಗ ಯಾವ ಕಂಪನಿ ಇಟಗೋತೈತಿ ನೋಡೂಣು’ ಎಂದ. ಇದು ನೀನೇ ಕಲಿಸಿದ ಪಾಠ. ಅವನ ಮಗ ಅಮಿತ ನೌಕರಿ ಹುಡುಕುವಾಗ ನೀನು ಬುದ್ಧಿ ಹೇಳಿದ್ದೆಯಲ್ಲ, ಈಗ ಕಂಪನಿಯವರು ಕೆಲಸ ಕೊಡುವ ಮುಂಚೆ ಮನುಷ್ಯನ ಹಿಂದುಮುಂದೆಲ್ಲ ತೆಗೆಸುತ್ತಾರೆ, ಪೊಲೀಸ್ ಕೇಸ್ ಸಿಕ್ಕರೆ ಕಂಪ್ಯೂಟರೇ ಹೆಸರನ್ನು ಪಕ್ಕಕ್ಕೆ ಸರಿಸುತ್ತದೆ, ತಪ್ಪು ಯಾರದ್ದೆಂದು ಕೇಳುವ ಮನುಷ್ಯರೂ ಅಲ್ಲಿರುವುದಿಲ್ಲ ಎಂದು. ಅಮಿತನ ತಲೆಗೆ ಒಂದೂ ಹೋಗಲಿಲ್ಲ. ಅವನಪ್ಪ ಮಾತ್ರ ಒಂದಕ್ಷರ ಬಿಡದೆ ನೆನಪಿಟ್ಟುಕೊಂಡಿದ್ದಾನೆ.

ನೀನು ದಿನಾ ಜಮಖಂಡಿಗೆ ಬಸ್ಸಿನಲ್ಲಿ ನಿಂತುಕೊಂಡು ಹೋಗಿ ಎಂ.ಬಿ.ಎ. ಮುಗಿಸಿದಾಗ, ಈ ಹೆಚ್.ಆರ್. ಅಂದರೆ ಏನು ಕೆಲಸ ಎಂದು ಕೇಳಿದ್ದೆ. ‘ಮಂದೀನ ನೋಡಿಕೊಳ್ಳೂ ಕೆಲಸ ಬೇ ಯವ್ವಾ’ ಅಂದೆ. ಅಯ್ಯ ನನ ಶಿವನ, ಅದಕ್ಕೆ ಪಗಾರ ಬೇರೆ ಕೊಡುತ್ತಾರಾ ಎಂದು ನಾನು ಬಿದ್ದು ಬಿದ್ದು ನಕ್ಕಿದ್ದೆ. ಸೇಠರು ಮಗ್ಗದ ಸಣ್ಣ ಶೆಡ್ಡುಗಳನ್ನೆಲ್ಲ ಕೊಂಡು ಒಂದೇ ದೊಡ್ಡ ಮಿಲ್ ಮಾಡಿದಾಗ ಆಫೀಸಿನಲ್ಲಿ ಮೂವರಿದ್ದಿರಿ. ಸಾಫ್ಟ್‌ವೇರ್ ಬಂತು, ಗೇಟಿನಲ್ಲಿ ಮುಖ ನೋಡಿ ಹಾಜರಿ ಹಾಕುವ ಮಶೀನು ಬಂತು, ಇಬ್ಬರು ಮನೆಗೆ ಹೋದರು, ನೀನೊಬ್ಬಳು ಉಳಿದೆ. ಊಟಕ್ಕೆ ಕೂತರೆ ಒಂದು ಕಣ್ಣು ರೊಟ್ಟಿಯ ಮೇಲೆ, ಒಂದು ಕಣ್ಣು ಲ್ಯಾಪ್‌ಟಾಪಿನ ಮೇಲೆ. ‘ಮಂದೀನ ನೋಡೂದು ಹೋತು ಬೇ, ಈಗ ಮಶೀನ್ ನೋಡೂದ ಕೆಲಸ. ಅದು ಬರಲಿಲ್ಲಂದ್ರ ನನ್ನೂ ತಗೀತಾರ’ ಎನ್ನುತ್ತಿದ್ದೆ. ನನಗೆ ಆಗ ಅರ್ಥವಾಗಲಿಲ್ಲ, ಇನ್ನೊಂದು ರೊಟ್ಟಿ ಹಾಕುತ್ತಿದ್ದೆ ಅಷ್ಟೇ.

ಆ ಮಶೀನಿಗೆ ನೀನು ವರ್ಷದ ಸೂಟಿಗಳನ್ನೆಲ್ಲ ತುಂಬಿದೆ. ಯುಗಾದಿ, ಬಸವ ಜಯಂತಿ, ಈದ್, ದಸರಾ, ದೀಪಾವಳಿ. ತಿಂಗಳ ಅಮಾವಾಸ್ಯೆ ತುಂಬಲಿಲ್ಲ. ಯಾಕೆ ತುಂಬಬೇಕು? ಅಮಾವಾಸ್ಯೆಗೆ ಮಗ್ಗ ನಡೆಸಬಾರದೆಂದು ನಮ್ಮ ನೇಕಾರರ ಓಣಿಯಲ್ಲಿ ಕೂಸಿಗೂ ಹೇಳಿಕೊಡಬೇಕಾಗಿಲ್ಲ. ಮಗ್ಗ ಪೂಜಿಸಿ, ಕಾಯಿ ಒಡೆದು, ಬಾಗಿಲು ಹಾಕುವುದು. ಸೇಠರೇ ಕಾಯಿ ಒಡೆಯುತ್ತಾರೆ. ನನ್ನನ್ನು ಕೂರಿಸಿದ್ದರೆ ನಾನೂ ಬರೆಯುತ್ತಿರಲಿಲ್ಲ. ಮಶೀನು ಮಾತ್ರ ಪ್ರತಿ ಅಮಾವಾಸ್ಯೆ ಎಲ್ಲರೂ ಹೇಳದೆ ಕೇಳದೆ ಗೈರು ಎಂದು ಹಾಕಿಕೊಳ್ಳುತ್ತ ಹೋಯಿತು. ಕೂಲಿ ನೇಯ್ದ ಮೀಟರಿನ ಮೇಲೆ, ಹಾಗಾಗಿ ಯಾರಿಗೂ ಗೊತ್ತಾಗಲಿಲ್ಲ. ದಸರೆಯ ಮುಂಚಿನ ಅಮಾವಾಸ್ಯೆ ಮುಗಿದ ಮರುದಿನ, ಗೈರು ಮಿತಿ ಮೀರಿತೆಂದು, ಅದು ಯಾರ ಅಪ್ಪಣೆಯನ್ನೂ ಕಾಯದೆ ಇಡೀ ಮಿಲ್ಲಿಗೆ ‘ನಿಮ್ಮನ್ನು ಕೆಲಸದಿಂದ ತೆಗೆಯಲಾಗಿದೆ’ ಎಂದು ಮೆಸೇಜು ಕಳಿಸಿತು. ಕೆಳಗೆ ಹೆಸರು ನಿನ್ನದು.

ಮುಂದಿನದನ್ನು ನೀನು ಅರ್ಧ ನೋಡಿದ್ದೀ, ಉಳಿದದ್ದು ನನ್ನ ಕಣ್ಣಲ್ಲಿದೆ. ನಾನು ನಿನಗೂ ಅಲ್ಲೇ ಮಗ್ಗ ನಡೆಸುವ ನಿಮ್ಮಪ್ಪನಿಗೂ ಊಟದ ಡಬ್ಬಿ ಹಿಡಿದು ಗೇಟಿಗೆ ಬರುವುದಕ್ಕೂ ಮಗ್ಗಗಳೆಲ್ಲ ಒಮ್ಮೆಲೇ ನಿಲ್ಲುವುದಕ್ಕೂ ಸರಿಹೋಯಿತು. ಆ ಸಪ್ಪಳ ನಿಂತರೆ ಎದೆ ಧಸಕ್ ಅನ್ನುತ್ತದೆ. ಗಂಡಸರು ಲಾಳಿ ಹೊಡೆಯುವ ಕೋಲು ಕಿತ್ತುಕೊಂಡು ಹೊರಬಿದ್ದರು. ಗೇಟಿನ ಮಶೀನನ್ನು ಕೆಡವಿ ತುಳಿದರು, ಆಫೀಸಿನ ಗಾಜು ಪುಡಿ ಮಾಡಿದರು, ಕಂಪ್ಯೂಟರನ್ನು ವೈರು ಸಮೇತ ಎಳೆದು ಅಂಗಳಕ್ಕೆ ಒಗೆದರು. ಯಾರೋ ಚೀರಿದ, ‘ನಿನ್ನ ಮಗಳ ನಮ್ಮ ಅನ್ನಾ ಕಸಗೊಂಡಾಳಲೇ!’ ಆ ಮಾತಿಗೆ ನಿಮ್ಮಪ್ಪ ಎಲ್ಲರಿಗಿಂತ ಮುಂದಾದ. ನೀನು ಗಾಜಿನ ಮೇಲೆ ಬರಿಗಾಲಲ್ಲಿ ನಿಂತು ಕೈ ಮುಗಿಯುತ್ತಿದ್ದೆ. ‘ಅಪ್ಪಾ, ತಪ್ಪಾಗೇತಿ, ಒಂದ್ ತಾಸ್ ಕೊಡ್ರಿ, ಎಲ್ಲಾರದೂ ಸರಿ ಮಾಡ್ತೇನಿ.’ ಮೊದಲ ಏಟು ತೋಳಿಗೆ. ಎಲುಬು ಮುರಿದ ಸಪ್ಪಳ ಆಫೀಸಿನ ಬಾಗಿಲಿಗೆ ಓಡಿ ಬಂದ ನನಗೆ ಕೇಳಿಸಿತು. ಎರಡನೆಯದು ಬಾಯಿಗೆ. ನೀನು ಕಪಾಟಿಗೆ ತಲೆ ಬಡಿದು ಬಿದ್ದೆ, ಕಣ್ಣು ಮುಚ್ಚಿದೆ. ಅವನು ಮತ್ತೆ ಕೋಲು ಎತ್ತಿದ, ಈ ಸಲ ತಲೆಯ ಮೇಲೆ ನೋಟವಿತ್ತು.

ಆಗ ನಾನು ಸ್ಟೀಲಿನ ಡಬ್ಬಿಯನ್ನು ಎರಡೂ ಕೈಯಲ್ಲಿ ಎತ್ತಿ ಅವನ ನೆತ್ತಿಗೆ ಹಾಕಿದೆ. ಹೌದು, ನಾನೇ. ಈ ಸಂಗತಿ ನಿನಗೆ ಗೊತ್ತಿಲ್ಲ, ಗೊತ್ತಾಗಲಿ. ನನ್ನ ಬೆನ್ನಿನ ಮೇಲೆ ಬೆಲ್ಟು, ಪೊರಕೆ, ಸುಡುವ ಸೌಟು ಎಲ್ಲ ಬಿದ್ದಿವೆ, ಒಂದು ದಿನವೂ ಕೈ ಎತ್ತಿದವಳಲ್ಲ. ಅವತ್ತು ಎತ್ತಿದೆ. ರೊಟ್ಟಿ, ಹೆಸರುಕಾಳಿನ ಪಲ್ಲೆ, ಅವನ ರಕ್ತ ಎಲ್ಲ ಕೂಡಿ ನಿನ್ನ ಸೀರೆಯ ಮೇಲೆ ಬಿತ್ತು. ಖರೆ ಹೇಳಲಾ? ಮನಸ್ಸಿಗೆ ಥಣ್ಣಗಾಯಿತು. ಇನ್ನೊಂದು ಹಾಕುವವಳಿದ್ದೆ, ಪಕ್ಕದ ಮಗ್ಗದ ಶಿವಪುತ್ರ ಹಿಂದಿನಿಂದ ಹಿಡಿದುಕೊಂಡ.

ನೀನು ಕೊಟ್ಟ ದೂರಿನ ಮೇಲೆ ಅದೇ ಶಿವಪುತ್ರನನ್ನು ಪೊಲೀಸರು ಕೇಳಿದರೆ, ‘ನಾ ಲಾಳಿ ಬದಲಸಾಕತ್ತಿದ್ನಿರಿ, ಏನೂ ನೋಡಿಲ್ರಿ’ ಎಂದನಂತೆ. ಓಣಿಯಲ್ಲಿ ಸಿಕ್ಕಾಗ ‘ಮಗ್ಗ ನಿಂತಿದ್ದೂ ಲೇ ಭಾಡ್ಯಾ, ಯಾವ ಲಾಳಿ ಬದಲಸಾಕತ್ತಿದ್ದಿ?’ ಎಂದು ಬೈದೆ. ಒಬ್ಬನೂ ಸಾಕ್ಷಿ ಹೇಳಲಿಲ್ಲ. ನೀನು ದವಾಖಾನೆಯ ಮಂಚದ ಮೇಲೆ, ಬಾಯಿಗೆ ಹೊಲಿಗೆ ಹಾಕಿಸಿಕೊಂಡು, ಎಡಗೈಯ ಒಂದು ಬೆರಳಿನಿಂದ ಕುಟ್ಟಿ ಕುಟ್ಟಿ ಅವರ ಕೆಲಸವನ್ನೆಲ್ಲ ವಾಪಸ್ ಕೊಡಿಸಿದೆ. ಅವರು ಮರುದಿನ ಮಗ್ಗಕ್ಕೆ ಹೋದರು. ನಿಮ್ಮಪ್ಪನೂ ಜಾಮೀನಿನ ಮೇಲೆ ಬಂದು ತಲೆಗೆ ಪಟ್ಟಿ ಕಟ್ಟಿಕೊಂಡೇ ಹೋದ. ನಾಡಿದ್ದು ಗುರುವಾರ ಅಮಾವಾಸ್ಯೆ. ಗೇಟಿನ ಹೊಸ ಮಶೀನು ತಾನೇ ‘ಸೂಟಿ’ ಎಂದು ತೋರಿಸುತ್ತಿದೆಯಂತೆ. ನೀನು ಪುಣೆಗೆ ಹೋಗುವ ಮುಂಚೆ ಕಲಿಸಿದ್ದು. ಅದರ ಮುಂದೆ ದಿನಾ ಮುಖ ತೋರಿಸಿ ಒಳಗೆ ಹೋಗಲು ಅವನಿಗೆ ನಾಚಿಕೆಯಿಲ್ಲ.

ಹೆಂಡತಿಯ ಕೈಯಲ್ಲಿ ಏಟು ತಿಂದೆ ಎನ್ನಲು ಮಾತ್ರ ನಾಚಿಕೆ. ಅದಕ್ಕೇ ಅಣ್ಣತಮ್ಮ ಕೂಡಿ ಆ ಹೊಲಿಗೆಯನ್ನು ನಿನ್ನ ಹೆಸರಿಗೆ ಹಚ್ಚುವ ಹುನ್ನಾರ. ‘ಹೊಡದಾಕಿ ನಾನು, ಕಾಂಚನಾ ಎಚ್ಚರನ ಇರಲಿಲ್ಲ’ ಎಂದು ಭಾನುವಾರ ದೊಡ್ಡಪ್ಪನ ಎದುರೇ ಹೇಳಿದೆ. ಆಗಲೇ ಕಣ್ಣಿಗೆ ಗುದ್ದು ಬಿದ್ದದ್ದು, ಫೋನ್ ಒರಳಿಗೆ ಹೋದದ್ದು. ದೊಡ್ಡಪ್ಪ ಎದ್ದು ಬಿಡಿಸಲಿಲ್ಲ. ಚಹಾದ ಬಟ್ಟಲು ಚೆಲ್ಲದ ಹಾಗೆ ಎತ್ತಿ ಹಿಡಿದುಕೊಂಡ.

ಹೊಸ ನೌಕರಿಯ ಸುದ್ದಿ ಮನೀಷಾ ಹೇಳಿದಳು. ಒಂದೇ ಕೋಣೆಯಲ್ಲಿ ಕೂತು ಎಷ್ಟೋ ಮಿಲ್ಲುಗಳ ಕೆಲಸಗಾರರನ್ನು ನೋಡಿಕೊಳ್ಳುವ ಕಂಪನಿಯಂತೆ. ಅರ್ಜಿಗಳನ್ನು ಮೊದಲು ಮಶೀನೇ ಜರಡಿ ಹಿಡಿದು, ನೂರಾರು ಹೆಚ್.ಆರ್. ಹುಡುಗರಲ್ಲಿ ನಿನ್ನನ್ನು ಒಳಗೆ ಬಿಟ್ಟಿತಂತೆ. ಸಂದರ್ಶನದಲ್ಲಿ ಅಮಾವಾಸ್ಯೆಯ ತಪ್ಪನ್ನು ನೀನೇ ಹೇಳಿದೆಯಂತೆ, ಹುಚ್ಚಿ! ಮಶೀನು ನಡೆಸುವವರು ಬೇಕಾದಷ್ಟಿದ್ದಾರೆ, ಅದಕ್ಕೆ ಏನು ಗೊತ್ತಿಲ್ಲ ಎಂದು ಹೇಳುವವರು ಬೇಕು ಎಂದು ಅವರು ಆರಿಸಿದರಂತೆ. ಪೊಲೀಸ್ ತಪಾಸಣೆ ಮುಗಿದ ಮೇಲೆ ಆರ್ಡರ್. ಕೇಳಿ ನನಗೆ ಹಿಗ್ಗಾಯಿತು, ಹಿಂದೆಯೇ ದೊಡ್ಡಪ್ಪನ ಬೆದರಿಕೆ ನೆನಪಾಯಿತು. ನೀನು ಕೇಸ್ ಬಿಟ್ಟರೆ ಅವನು ಮತ್ತೆ ಕೋಲು ಎತ್ತುತ್ತಾನೆ. ಬಿಡದಿದ್ದರೆ ನಿನ್ನ ಹೆಸರು ಕೆಡಿಸುತ್ತಾರೆ. ದೊಡ್ಡಪ್ಪನ ಮಾತು ಬರೆದು ಮುಟ್ಟಿಸಿದ್ದೇನೆ. ನನ್ನ ಮಾತು ಏನೆಂದು ಬೆಳಗಾದ ಮೇಲೆ ಬರೆಯುತ್ತೇನೆ.

ಹಾಲು ಕುಡಿ, ಭಾರ ಎತ್ತಬೇಡ. ಹಾಸ್ಟೆಲಿನ ಹುಡುಗಿಯರಿಗೆ ನನ್ನ ನೆನಪು ಹೇಳು, ನಿನ್ನ ಜಡೆ ಹಾಕಿದ ಕೈಗಳು ತಣ್ಣಗಿರಲಿ. ಮಲ್ಲಿಕಾರ್ಜುನ ನಿನ್ನ ಬೆನ್ನಿಗಿರಲಿ.

ನಿನ್ನ ಅವ್ವ,
ಸುಂದರವ್ವ

ತಾ.ಕ.: ಬುಧವಾರ ಬೆಳಿಗ್ಗೆ, ಬಸ್ ಸ್ಟ್ಯಾಂಡಿನಲ್ಲಿ ನಿಂತು ಬರೆಯುತ್ತಿದ್ದೇನೆ. ಪುಣೆಗೆ ಹೊರಟ ಮನೀಷಾ ‘ಬಸ್ ಬಿಡತೈತ್ರಿ, ಲಗೂ ಲಗೂ’ ಎನ್ನುತ್ತಿದ್ದಾಳೆ. ಕೇಸ್ ಹಿಂದಕ್ಕೆ ತೆಗೆದುಕೊಳ್ಳಬೇಡ. ನಾನು ಈಗ ಠಾಣೆಯಿಂದ ಬಂದೆ. ಕೋಲಿನಿಂದ ಹೊಡೆದವನು ಅವನು, ಡಬ್ಬಿಯಿಂದ ಅವನ ತಲೆ ಒಡೆದವಳು ನಾನು ಎಂದು ಎರಡನ್ನೂ ಬರೆಸಿ ಸಹಿ ಮಾಡಿದ್ದೇನೆ, ನೆಗ್ಗಿದ ಡಬ್ಬಿಯನ್ನೂ ಮೇಜಿನ ಮೇಲಿಟ್ಟು ಬಂದಿದ್ದೇನೆ. ಇನ್ನು ಆ ಮನೆಗೆ ಹೋಗುವುದಿಲ್ಲ, ಮಹಾಲಿಂಗಪುರದಲ್ಲಿ ತಂಗಿ ಬೋರವ್ವನ ಹತ್ತಿರ ಇರುತ್ತೇನೆ. ಸಾಹೇಬರು ಪೆನ್ನು ಎತ್ತಿ, ‘ವಿಚಾರ ಮಾಡ್ರಿ ಯವ್ವಾ, ನಿಮ್ಮ ಮ್ಯಾಲೂ ಕೇಸ್ ಆಗತೈತಿ’ ಎಂದರು. ‘ಆಗಲಿ ಬಿಡ್ರಿ ಸಾಹೇಬ್ರ, ನನ್ನ ಹೆಸರ ಯಾವ ಕಂಪನಿಯವರು ನೋಡ್ತಾರ?’ ಅಂದೆ.