ಹಾಲಿನಂಗಡಿ ಗೋಡೆಯ ಪೋಸ್ಟರ್

ಯೇನಾ, ಪೂರ್ವ ಜರ್ಮನಿ,
14 ನವೆಂಬರ್ 1983

ಪ್ರೀತಿಯ ಸೀಗ್ಲಿಂಡಾ ಅಕ್ಕ,

ನೀನೂ ಭಾವನೂ ಚೆನ್ನಾಗಿದ್ದೀರೆಂದು ನಂಬಿದ್ದೇನೆ. ಇದನ್ನು ಅಂಚೆಗೆ ಹಾಕುವ ಧೈರ್ಯವಿಲ್ಲ. ನಮ್ಮ ಚರ್ಚಿನ ಟ್ರೋಗರ್ ಅಜ್ಜಿ ತಮ್ಮ ಮಗನನ್ನು ನೋಡಲು ಗಡಿಯಾಚೆ ನಿಮ್ಮ ಕಡೆಗೆ ಹೊರಟಿದ್ದಾರೆ. ಅವರ ಕೋಟಿನ ಒಳಪದರದಲ್ಲಿಟ್ಟು ಹೊಲಿದು ಕಳಿಸುತ್ತಿದ್ದೇನೆ. ಓದಿ ಒಲೆಗೆ ಹಾಕು.

ನನ್ನ ಮಗಳನ್ನು, ನಿನ್ನ ಮುದ್ದಿನ ಆಲ್ಮುಟ್‌ಳನ್ನು ಕಳೆದ ವಾರ ಪೊಲೀಸರು ಹಿಡಿದುಕೊಂಡು ಹೋದರು. ಟ್ರಾಮ್ ನಿಲ್ದಾಣದಲ್ಲಿ ಪೋಸ್ಟರ್ ಅಂಟಿಸಿದಳೆಂದು ಅನುಮಾನ. ಒಂದು ತೊಟ್ಟಿಲು, ಅದರ ಮೇಲೆ ಕ್ಷಿಪಣಿಯ ನೆರಳು. ಕೆಳಗೆ, ‘ಅಮೆರಿಕದ ಬಾಂಬೂ ಬೇಡ, ರಷ್ಯಾದ್ದೂ ಬೇಡ.’

ಇಬ್ಬರು ಬಂದು ಮನೆ ಜಾಲಾಡಿದರು. ನಾನು ಅಡುಗೆಮನೆಯ ಕುರ್ಚಿ ಬಿಟ್ಟು ಏಳಲಿಲ್ಲ. ದಪ್ಪಗಿದ್ದವನು ನಗುತ್ತಲೇ ಕೇಳಿದ: “ಅಲ್ಲಮ್ಮಾ, ಅಮೆರಿಕದ್ದು ಬೇಡ ಅಂತಷ್ಟೇ ಬರ್ದಿದ್ರೆ ನಾವೇ ಊರೆಲ್ಲಾ ಅಂಟಿಸ್ತಿದ್ವಿ. ರಷ್ಯಾನ ಯಾಕೆ ಎಳೀಬೇಕಿತ್ತು ನಿಮ್ಮ ಮಗಳು?”

“ಅವಳಿಗೆ ಚಿತ್ರ ಬರೆಯೋಕೇ ಬರಲ್ಲ ಸಾರ್,” ಅಂದೆ.

“ಬರುತ್ತೋ ಇಲ್ವೋ, ಬಾಯಿ ಬಿಡಿಸ್ತೀವಿ ಬಿಡಿ.”

ಮನೆಯಲ್ಲಿ ಅವರಿಗೇನೂ ಸಿಗಲಿಲ್ಲ. ಆದರೆ ಆ ಮಾತು ಕೇಳಿದ ಮೇಲೆ ನಾನು ರಾತ್ರಿಯೆಲ್ಲ ಕಿಟಕಿಯ ಬಳಿ ಕೂತಿರುತ್ತಿದ್ದೆ. ಮೆಟ್ಟಿಲಲ್ಲಿ ಯಾರ ಬೂಟಿನ ಸದ್ದಾದರೂ ಎದ್ದು ಬಾಗಿಲಿಗೆ ಕಿವಿಯಿಡುತ್ತಿದ್ದೆ. ಪಕ್ಕದ ಮನೆಯವರು ನನ್ನನ್ನು ಕಂಡರೆ ಬಾಗಿಲು ಮುಚ್ಚಿಕೊಂಡರು.

ಆಲ್ಮುಟ್ ಇನ್ನೂ ಒಳಗಿರುವಾಗಲೇ ಹಾಲಿನಂಗಡಿ ಗೋಡೆಯ ಮೇಲೆ ಅದೇ ಪೋಸ್ಟರ್ ಮತ್ತೆ ಕಾಣಿಸಿತು. ದಪ್ಪನೆಯವನು ಏದುಸಿರು ಬಿಡುತ್ತಾ ಬಂದ. ಈ ಸಲ ಮುಖದಲ್ಲಿ ನಗುವಿರಲಿಲ್ಲ. “ನಿಮ್ಮ ಮಗಳು ನಮ್ಮ ಹತ್ರ ಇದ್ದಾಳೆ. ಮತ್ತೆ ಇದು ಯಾರ ಕೆಲ್ಸ?” ಎಂದ. ನನಗೇನು ಗೊತ್ತು ಎಂದೆ. ಮರುದಿನ ಅವಳನ್ನು ಬಿಟ್ಟರು.

ಮನೆಗೆ ಬಂದವಳು ಎರಡು ಚಮಚ ಸೂಪು ಕುಡಿದು ನನ್ನ ಮಡಿಲಲ್ಲೇ ಮಲಗಿದಳು. ದೀಪ ಆರಿಸಬೇಡಮ್ಮಾ ಅಂದಳು. ಚಿಕ್ಕಂದಿನಲ್ಲೂ ಹಾಗೆ ಕೇಳಿದವಳಲ್ಲ.

ನಿನ್ನ ತಂಗಿ,
ಟ್ರೌಡೆಲ್

ತಾ.ಕ.: ಇದನ್ನು ಬರೆಯಬಾರದು ಅಂದುಕೊಂಡಿದ್ದೆ. ಎರಡನೆಯದನ್ನು ಅಂಟಿಸಿದವಳು ನಾನೇ. ಅವಳು ಕೆತ್ತಿದ ಅಚ್ಚು ನೆಲಮಾಳಿಗೆಯ ಕಲ್ಲಿದ್ದಲಿನಡಿ ಸಿಕ್ಕಿತು, ಸುಡಲೆಂದೇ ತೆಗೆದಿದ್ದೆ. ಸುಡುವ ಬದಲು ಒಂದು ಹಾಳೆಯ ಮೇಲೆ ಒತ್ತಿದೆ, ಅಭ್ಯಾಸವಿಲ್ಲದೆ ತೊಟ್ಟಿಲೆಲ್ಲ ಮಸಿಯಾಯಿತು. ಠಾಣೆಯಲ್ಲಿ ಅದನ್ನು ಆಲ್ಮುಟ್‌ಗೆ ತೋರಿಸಿದ್ದರಂತೆ. “ಯಾರೋ ಪುಣ್ಯಾತ್ಮರು ಕಣಮ್ಮಾ, ಕೆಲ್ಸ ಮಾತ್ರ ಬರಲ್ಲ ಪಾಪ” ಎಂದು ನಗುತ್ತಾಳೆ. ಅವಳಿಗೆ ಹೇಳಬೇಡ, ಹೆಮ್ಮೆಯಿಂದ ಗೆಳೆಯರಿಗೆಲ್ಲ ಸಾರಿಬಿಡುತ್ತಾಳೆ. ನನಗೆ ಈಗಲೂ ಹೆದರಿಕೆ. ಆದರೆ ಅಚ್ಚನ್ನು ಇನ್ನೂ ಸುಟ್ಟಿಲ್ಲ.