ಸೌನಾದ ಮೇಲಿನ ಹಲಗೆಯಿಂದ ಒಂದು ತಪ್ಪೊಪ್ಪಿಗೆ

ನಗರಸಭೆಯ ಹಿರಿಯರ ಆರೋಗ್ಯ ವಿಭಾಗದ ಮುಖ್ಯಸ್ಥರಿಗೆ,

ಮಾನ್ಯರೇ,

ನೀವು ನಮ್ಮ ಜಿಮ್ಮಿಗೆ ಬೀಗ ಹಾಕಿಸಿದ್ದು ತಪ್ಪು, ಆ ತಪ್ಪಿನಲ್ಲಿ ನನ್ನ ಪಾಲೂ ಇದೆ. ನನಗೀಗ ಎಪ್ಪತ್ತಾರು. ಈ ಪತ್ರವನ್ನು ನಿಂತುಕೊಂಡೇ ಬರೆಯುತ್ತಿದ್ದೇನೆ. ನಿಲ್ಲಬಲ್ಲೆ ಎಂಬ ಖುಷಿಗೆ.

ನಿಮ್ಮ ವರದಿ ಓದಿದೆ. ಎಪ್ಪತ್ತು ದಾಟಿದ ಹನ್ನೆರಡು ಗಂಡಸರಿಗೆ ಚಳಿಗಾಲದ ನಾಲ್ಕು ತಿಂಗಳು ಟೆಸ್ಟೊಸ್ಟೆರಾನ್ ಎಂಬ ಗಂಡು ಹಾರ್ಮೋನಿನ ಜೆಲ್ ಕೊಡಲಾಯಿತಂತೆ, ಜೊತೆಗೆ ವಾರಕ್ಕೆ ಮೂರು ದಿನ ವ್ಯಾಯಾಮವಂತೆ, ಕೈಯೂರದೆ ಕುರ್ಚಿಯಿಂದ ಏಳುವ ಶಕ್ತಿ ಗಣನೀಯವಾಗಿ ವೃದ್ಧಿಸಿತಂತೆ. ಆದ್ದರಿಂದ ಜೆಲ್ ಮುಂದುವರಿಯಲಿ, ವ್ಯಾಯಾಮದ ತರಗತಿ ನಿಲ್ಲಲಿ ಎಂದು ಅಪ್ಪಣೆ ಕೊಡಿಸಿದ್ದೀರಿ. ಊಟಕ್ಕೆ ಬಂದವರ ಹೊಟ್ಟೆ ತುಂಬಿದ್ದು ಕೊನೆಯಲ್ಲಿ ಕುಡಿದ ಕಾಫಿಯಿಂದ ಎಂದು ತೀರ್ಮಾನಿಸಿ ಅಡುಗೆಮನೆ ಮುಚ್ಚಿದ ಹಾಗಾಯಿತು. ಆದರೆ ನಿಮ್ಮನ್ನೊಬ್ಬರನ್ನೇ ದೂರಿ ಏನು ಪ್ರಯೋಜನ? ನಾವು ನಿಮ್ಮಿಂದ ಒಂದು ಸಂಗತಿ ಮುಚ್ಚಿಟ್ಟಿದ್ದೇವೆ.

ಆ ಜೆಲ್ ನಮ್ಮ ಮೈಮೇಲೆ ನಿಂತದ್ದೇ ಇಲ್ಲ, ಸ್ವಾಮಿ. ದಿನಾ ಸಂಜೆ ಶುಭ್ರವಾದ ಚರ್ಮಕ್ಕೆ ಹಚ್ಚಬೇಕೆಂದು ನಿಮ್ಮ ಚೀಟಿ ಹೇಳಿತ್ತು. ನಾವು ಹನ್ನೆರಡು ಮಂದಿಯೂ ಸರೋವರದ ದಂಡೆಯ ಸೌನಾ ಸಂಘದವರು. ಸಂಜೆ ಐದಕ್ಕೆ ಆ ಹಬೆಕೋಣೆಯ ಒಲೆ ಕಾದಿರುತ್ತದೆ. ನಮ್ಮ ಚರ್ಮ ಅತ್ಯಂತ ಶುಭ್ರವಾಗಿರುವುದು ಯಾವಾಗ? ಮೊದಲ ಸುತ್ತಿನ ಬೆವರು ಹರಿದು, ಎರಡನೆಯ ಸುತ್ತಿಗೆ ಒಳಹೋಗುವ ಮುಂಚೆ. ಆಗ ಹಚ್ಚಿದೆವು, ಒಬ್ಬರ ಹೆಗಲಿಗೊಬ್ಬರು, ಬಹಳ ಶ್ರದ್ಧೆಯಿಂದ. ಆಮೇಲೆ ಒಳಹೋಗಿ ಇನ್ನೊಮ್ಮೆ ಬೆವೆತು, ಮಂಜುಗಡ್ಡೆಯಲ್ಲಿ ಕೊರೆದ ಕಿಂಡಿಯಿಂದ ಸರೋವರಕ್ಕೆ ಇಳಿದೆವು. ನಿಮ್ಮ ಹಾರ್ಮೋನು ನಾಲ್ಕು ತಿಂಗಳು ಮೀನುಗಳಿಗೆ ಸಂದಾಯವಾಗಿದೆ. ಈ ವಸಂತದಲ್ಲಿ ಅವು ಸ್ವಲ್ಪ ಎದೆಯುಬ್ಬಿಸಿ ಓಡಾಡಿದರೆ ಅದನ್ನೂ ವರದಿಗೆ ಸೇರಿಸಿಕೊಳ್ಳಿ.

ಹಚ್ಚಿದ ಮೇಲೆ ಐದು ಗಂಟೆ ಕಾಲ ಸ್ನಾನ ಮಾಡಬಾರದು ಎಂದಿತ್ತಲ್ಲ ಎನ್ನುತ್ತೀರಿ. ಇತ್ತು, ನಾನೇ ಗಟ್ಟಿಯಾಗಿ ಓದಿದೆ. ನಮ್ಮೆಲ್ಲರಿಗಿಂತ ಹಿರಿಯ, ಎಂಬತ್ತೊಂದರ ಓಯ್ವಾ ಚೀಟಿ ಕಿತ್ತುಕೊಂಡ. "ಸ್ನಾನ ಬೇಡ ಅಂತ ತಾನೇ ಬರ್ದಿರೋದು? ಸೌನಾ ಬೇಡ ಅಂತ ಎಲ್ಲಿದೆ, ತೋರ್ಸು ನೋಡಣ." ನನಗೆ ತೋರಿಸಲಾಗಲಿಲ್ಲ. ಫಿನ್ಲೆಂಡಿನಲ್ಲಿ ಹುಟ್ಟಿದ ಯಾವನು ತಾನೇ ಸೌನಾವನ್ನು ಸ್ನಾನ ಎಂದಾನು? ಸರೋವರಕ್ಕೆ ಇಳಿಯುವುದಂತೂ ತಣ್ಣಗಾಗಲು.

ನನ್ನ ಹೆಂಡತಿ ಇರ್ಯಾಗೆ ಇದರಿಂದ ನೆಮ್ಮದಿಯೇ ಆಯಿತು. ಜೆಲ್ ಹಚ್ಚಿದ ಮೈ ತಾಗಿದರೆ ಹೆಂಗಸರಿಗೂ ಅಂಟುತ್ತದೆಂದು ಅವಳು ಎಲ್ಲೋ ಓದಿದ್ದಳು. "ನಂಗೇನಾದ್ರೂ ಮೀಸೆ ಬಂತು ಅಂದ್ರೆ ದಿನಾ ನೀನೇ ಬೋಳಿಸ್ಬೇಕು ನೋಡು" ಎಂದು ಮೊದಲ ದಿನವೇ ಎಚ್ಚರಿಸಿದ್ದಳು. ಜೆಲ್ ಕೆಟ್ಟದ್ದೆಂದು ನಾನು ಹೇಳುತ್ತಿಲ್ಲ. ಹತ್ತು ನಿಮಿಷವಾದರೂ ಮೈಮೇಲೆ ನಿಂತಿದ್ದರೆ ತಾನೇ ಒಳ್ಳೆಯದೋ ಕೆಟ್ಟದೋ ಹೇಳುವುದು.

ಹಾಗಾದರೆ ನಮ್ಮ ಕಾಲಿಗೆ ಬಲ ಕೊಟ್ಟವರು ಯಾರು? ನೀವು ಕೆಲಸದಿಂದ ಬಿಡಿಸಿದ ತರಬೇತುದಾರಳು, ಮಿಲ್ಲಾ. ಭಾರ ಎತ್ತಿಸಿದಳು, ಮೆಟ್ಟಿಲು ಹತ್ತಿಸಿದಳು. "ಏಳಿ ಓಯ್ವಾ, ಕುರ್ಚಿಗೇನು ಅಂಟು ಹಾಕಿಲ್ಲ, ಇನ್ನೊಂದ್ಸಲ" ಎಂದು ಬೆನ್ನು ಬಿಡದೆ ಕಾಡಿದಳು.

ಆ ಓಯ್ವಾನ ಕತೆ ಕೇಳಿ. ನಮ್ಮ ಸೌನಾದಲ್ಲಿ ಮೂರು ಹಲಗೆಗಳಿವೆ, ಮೆಟ್ಟಿಲಿನ ಹಾಗೆ. ಮೇಲಿನದರಲ್ಲಿ ಕಾವು ಹೆಚ್ಚು, ಮರ್ಯಾದೆಯೂ ಹೆಚ್ಚು. ಹೋದ ಶರತ್ಕಾಲದಲ್ಲಿ ಅವನು ಮಕ್ಕಳು ಕೂರುವ ಕೆಳಗಿನ ಹಲಗೆಯಿಂದಲೂ ನಮ್ಮ ಕೈ ಹಿಡಿದೇ ಏಳುತ್ತಿದ್ದ. ಫೆಬ್ರವರಿಯ ಒಂದು ಸಂಜೆ, ಯಾರನ್ನೂ ಹಿಡಿಯದೆ, ಒಂದು, ಎರಡು, ಮೂರು ಎಂದು ಹತ್ತಿ ಮೇಲೆ ಕೂತ. ಸೌಟು ಕಸಿದುಕೊಂಡು ಕಾದ ಕಲ್ಲಿನ ಮೇಲೆ ನೀರೆರಚಿ ನಮ್ಮೆಲ್ಲರ ಕಿವಿ ಸುಟ್ಟ. ನಾವು ಹನ್ನೊಂದು ಮುದುಕರೂ ಅತ್ತುಬಿಟ್ಟೆವು, ದೂರಿದ್ದು ಹಬೆಯನ್ನು.

ನೀವು ಬೀಗ ಹಾಕಿ ಮೂರು ವಾರವಾಯಿತು. ಹೋದ ಗುರುವಾರ ಓಯ್ವಾ ನಡುವಿನ ಹಲಗೆಯಲ್ಲೇ ನಿಂತ. "ಇಲ್ಲೇ ಹಿತವಾಗಿದೆ ಕಣ್ರೋ, ಮೇಲೆ ವಿಪರೀತ ಕಾವು" ಎಂದ. ಅವನ ಬಾಯಲ್ಲಿ ಕಾವು ಹೆಚ್ಚೆಂಬ ಮಾತು ನಾವ್ಯಾರೂ ಕೇಳಿರಲಿಲ್ಲ. ನನಗೆ ಹೆದರಿಕೆಯಾಯಿತು. ಮುಂದಿನ ತಿಂಗಳು ನಿಮ್ಮವರೇ ಅವನ ಮನೆಗೆ ಬಂದು, ಕೈಯೂರದೆ ಏಳುತ್ತಾನೋ ಇಲ್ಲವೋ ನೋಡಿ, ಅವನು ಅಲ್ಲೇ ಇರಬೇಕೋ ಆರೈಕೆ ಕೇಂದ್ರಕ್ಕೆ ಹೋಗಬೇಕೋ ನಿರ್ಧರಿಸುತ್ತಾರೆ. ಆ ಕೇಂದ್ರದಲ್ಲಿ ಸೌನಾ ವಾರಕ್ಕೊಮ್ಮೆ, ಅದೂ ಕೆಳಗಿನ ಹಲಗೆ ಮಾತ್ರ.

ಆದ್ದರಿಂದ ಸೋಮವಾರವೇ ಜಿಮ್ ತೆರೆಯಿರಿ, ಮಿಲ್ಲಾಳನ್ನು ವಾಪಸು ಕರೆಸಿ. ಕಳೆದ ವರ್ಷ ನಮ್ಮ ಸೌನಾಕ್ಕೆ ಬಂದಿದ್ದಾಗ ನೀವು ಕೆಳಗಿನ ಹಲಗೆಯಲ್ಲೇ ಕೂತಿರಿ, ಏಳುವಾಗ ಗೋಡೆ ಹಿಡಿದಿರಿ. ಐವತ್ತೊಂಬತ್ತಕ್ಕೇ. ನಾವು ಯಾರೂ ನಗಲಿಲ್ಲ. ತರಗತಿಯಲ್ಲಿ ಓಯ್ವಾನ ಪಕ್ಕದ ಕುರ್ಚಿಯನ್ನು ನಿಮಗೆಂದೇ ಗೊತ್ತುಮಾಡಿದ್ದೇವೆ. ಬೀಗದ ಕೈ ಮಾತ್ರ ನೀವೇ ತರಬೇಕು.

ಇಂತಿ,
ಮೈಗೆಂದು ಕೊಟ್ಟದ್ದನ್ನು ಮೀನಿಗೆ ಮುಟ್ಟಿಸಿದ,
ಕೌಕೊ ರೌಟಿಯಾಲಾ
(ಸದ್ಯಕ್ಕೆ ಮೇಲಿನ ಹಲಗೆ)