ಸಾವಿತ್ರಮ್ಮನವರ ಅಂಗಡಿಯ ಸರದಿ

ನನ್ನ ನಂಜುಂಡಣ್ಣನವರಿಗೆ,

ಆಯುಧಪೂಜೆ ಹತ್ತಿರ ಬಂತು. ಪ್ರತಿವರ್ಷ ಈ ಹೊತ್ತಿಗೆ ನೀವು ಬರೆದ ಬಿಲ್ಲಿಂಗ್ ಪ್ರೋಗ್ರಾಮಿನ ಹೊಸ ಸಿ.ಡಿ. ಹಿಡಿದು ಒಂದೊಂದೇ ಮೆಡಿಕಲ್ ಸ್ಟೋರಿಗೆ ಸ್ಕೂಟರಿನಲ್ಲಿ ಹೊರಡುತ್ತಿದ್ದಿರಿ. ಹಬ್ಬ ಕಳೆದ ಮೇಲೆ ಹೋದರೆ ಕಂಪ್ಯೂಟರಿನ ಡ್ರೈವಿನ ಬಾಯಿಗೆಲ್ಲ ಕುಂಕುಮ ಮೆತ್ತಿ, ಸಿ.ಡಿ. ಓದುತ್ತಲೇ ಇರಲಿಲ್ಲ. “ಪೂಜೆ ಮಾಡಿ, ಬ್ಯಾಡ ಅನ್ನಲ್ಲ. ಅದ್ರ ಬಾಯಿಗ್ ತುಂಬ್ಬೇಡಿ ಕಣ್ರೀ” ಎಂದು ನೀವು ಗೊಣಗಿದರೆ ಅಂಗಡಿಯವರು ನಗುತ್ತಾ ಪುರಿ ಪೊಟ್ಟಣ ಕೊಡುತ್ತಿದ್ದರು. ಹಿಂದಿನ ಸೀಟಿನಲ್ಲಿ ಕೂತು ಅದನ್ನು ತಿಂದು ಮುಗಿಸುತ್ತಿದ್ದವಳು ನಾನು.

ಸಿ.ಡಿ. ಬಿಟ್ಟು ಎಲ್ಲ ಅಂಗಡಿಗಳ ಬಿಲ್ಲಿಂಗನ್ನೂ ಇಂಟರ್‌ನೆಟ್ಟಿನಲ್ಲಿ ನಡೆಯುವಂತೆ ವೆಬ್‌ಗೆ ಒಯ್ಯೋಣ ಎಂದು ತೀರ್ಮಾನಿಸಿದ ದಿನ, ಯಾರು ಮೊದಲು ಎಂದು ನಾವು ಜಗಳವಾಡಿದ್ದು ನೆನಪಿದೆಯಾ? ಕೆಲಸ ಮಾಡುವವರು ನಾವಿಬ್ಬರೇ, ಎಲ್ಲರನ್ನೂ ಒಟ್ಟಿಗೆ ಸಾಗಿಸುವಂತಿರಲಿಲ್ಲ. ಮೊದಲು ಸಾಗಿಸಿದ ಗಿರಾಕಿಗಳು ಬೇಸತ್ತು ಬಿಟ್ಟುಹೋದರೆ ನಮ್ಮ ಆಫೀಸಿಗೇ ಬೀಗ. ಊರ ತುಂಬ ಶಾಖೆಗಳಿರುವವರು ಮೊದಲು, ತಮ್ಮ ಮೇಟಗಳ್ಳಿಯ ಗೋದಾಮಿನಲ್ಲಿ ಕೂತೇ ಎಲ್ಲ ಶಾಖೆಗಳ ಸ್ಟಾಕ್ ನೋಡಬೇಕಾದವರು ಅವರು, ಅಂದೆ. ನಿಮಗೆ ಸಿಟ್ಟು ಬಂತು. “ನಮ್ಮನ್ನ ನಂಬಿ ಮೊದ್ಲು ಬಂದೋರು ಒಂಟಿ ಅಂಗಡಿಯೋರು ಕಣಮ್ಮ. ಅವ್ರನ್ನ ಹಿಂದೆ ಬುಟ್ಬುಟ್ಟು ನಾವು ಮುಂದಕ್ಕೆ ಹೋಗೋದಾ?” ಮಾತು ಅಲ್ಲಿಗೇ ನಿಂತಿತು. ಮರುವಾರವೇ ನಿಮ್ಮ ಎದೆನೋವು, ಆಸ್ಪತ್ರೆ, ಆಮೇಲೆ...

ನೀವು ಹೋದ ಮೇಲೆ ನಿಮ್ಮ ಮಾತನ್ನೇ ನಡೆಸಬೇಕೆಂದು ಹಟ ಹಿಡಿದೆ. ಮೊದಲು ಹೋದದ್ದು ಕುವೆಂಪುನಗರದ ಸಾವಿತ್ರಮ್ಮನವರ ಅಂಗಡಿಗೆ. ಗಂಡ ತೀರಿಕೊಂಡ ಮೇಲೆ ಒಬ್ಬರೇ ಅಂಗಡಿ ನಡೆಸುತ್ತಿದ್ದ ಅವರಿಗೆ ಕಂಪ್ಯೂಟರ್ ಕಲಿಸಿದವರು ನೀವೇ ಅಲ್ಲವೇ? ಅವರು ಪೂರ್ತಿ ಕೇಳಿಸಿಕೊಂಡು, “ನಂಗ್ಯಾಕಮ್ಮ ಇದು? ಇಲ್ಲಿ ಇಂಟರ್‌ನೆಟ್ ದಿನಾ ಕೈ ಕೊಡ್ತದೆ. ಜ್ವರದ ಮಗು ಎತ್ಕೊಂಡು ಬಂದೋರ್ಗೆ, ಲೈನ್ ಬರ್ಲಿ ತಡೀರಿ ಅನ್ಲಾ?” ಅಂದರು. ಇಂಥವರ ಮೇಲಿನ ಅಕ್ಕರೆಯಿಂದ ನೀವು ಅವರೇ ಮೊದಲಾಗಲಿ ಅಂದಿರಿ. ಅಣ್ಣ, ಅವರಿಗದು ಬೇಕಾ ಎಂದು ನಾವಿಬ್ಬರೂ ಕೇಳಿಯೇ ಇರಲಿಲ್ಲ.

ಕೊನೆಗೆ ಶಾಖೆಗಳವರನ್ನೇ ಮೊದಲು ವೆಬ್‌ಗೆ ಸಾಗಿಸಿದೆ. ಅವರು ಬೈದರು, ಕಾಡಿದರು, ಆದರೆ ಬಿಟ್ಟುಹೋಗಲಿಲ್ಲ. ಆಫೀಸು ಉಳಿಯಿತು. ಅವರ ಕೆಲಸ ಮುಗಿದ ದಿನ ನಿಮ್ಮ ಖಾಲಿ ಕುರ್ಚಿ ನೋಡಿ ಅಳು ತಡೆಯಲಾಗಲಿಲ್ಲ. ನಿಮ್ಮ ಜೊತೆ ವಾದ ಮಾಡಿ, ನಿಮ್ಮಿಂದ ಬೈಸಿಕೊಂಡು, ಕೊನೆಗೆ ನೀವು “ಆಯ್ತು ಬುಡಮ್ಮ” ಅನ್ನುವುದನ್ನು ಕೇಳಬೇಕಿತ್ತು. ಒಂಟಿ ಅಂಗಡಿಗಳವರು ಆಮೇಲೆ ತಮಗೆ ಬೇಕೆನಿಸಿದಾಗ ಒಬ್ಬೊಬ್ಬರಾಗಿ ಬಂದರು. ಸಾವಿತ್ರಮ್ಮ ಮಾತ್ರ ಬರಲಿಲ್ಲ, ನಾನೂ ಒತ್ತಾಯಿಸಲಿಲ್ಲ.

ಮೊನ್ನೆ ಅವರೇ ಆಫೀಸಿಗೆ ಬಂದಿದ್ದರು. ಜಯಲಕ್ಷ್ಮಿಪುರಂನಲ್ಲಿ ಎರಡನೇ ಅಂಗಡಿ ತೆರೆಯುತ್ತಿದ್ದಾರಂತೆ. “ಈಗ ಬೇಕು ಕಣಮ್ಮ, ಎರಡೂ ಕಡೆ ಸ್ಟಾಕ್ ಕಾಣ್ಬೇಕಲ್ಲ” ಅಂದರು. ನಿಮಗೆ ಎಷ್ಟು ಖುಷಿಯಾಗುತ್ತಿತ್ತೋ.

ಅಣ್ಣ, ನೀವು ಕೈಯಾರೆ ಬರೆದ ಆ ಹಳೆಯ ಪ್ರೋಗ್ರಾಂ ಈಗ ಮೈಸೂರಿನಲ್ಲಿ ಓಡುತ್ತಿರುವುದು ಅವರ ಅಂಗಡಿಯ ಕಂಪ್ಯೂಟರಿನಲ್ಲಿ ಮಾತ್ರ. ಶುಕ್ರವಾರ ಅದನ್ನು ತೆಗೆಯಬೇಕು. ಈಗ ಕೆಲಸಕ್ಕೆ ಹುಡುಗರಿದ್ದಾರೆ. ಆದರೂ ಅವರನ್ನು ಕಳಿಸುವುದಿಲ್ಲ, ನಾನೇ ಹೋಗುತ್ತೇನೆ.

ನಿಮ್ಮ
ಮಂಜುಳಾ